ಕಾಜಾ ಒಂದೇ ಬಾಕಿ

ನಿನ್ನೆ ಮತ್ತೆ ಈಮೇಲ್ ಬಂತು. ಇದು ಏಳನೆಯದು.

ವಿಮಾನದ ಮಾದರಿ ಕಿಟ್ ಮಾಡುವ ಕಂಪನಿಯೊಂದಕ್ಕೆ ಹೋದ ವರ್ಷದ ಯುಗಾದಿಯ ಹೊತ್ತಿಗೇ ಪೂರ್ತಿ ದುಡ್ಡು ಕಟ್ಟಿ ಕೂತಿದ್ದೇನೆ. ಒಂದರ ಮೇಲೊಂದು ಎರಡು ರೆಕ್ಕೆ ಇರುವ ಹಳೇ ಕಾಲದ ವಿಮಾನ. ಪೆಟ್ಟಿಗೆಯಲ್ಲಿ ಬಿಡಿ ಭಾಗಗಳಾಗಿ ಬರುತ್ತದೆ, ನಾವೇ ಜೋಡಿಸಿ ಬಣ್ಣ ಬಳಿಯಬೇಕು. ಐವತ್ತು ದಾಟಿದ ಹೆಂಗಸಿಗೆ ಇದೆಲ್ಲ ಎಂತಕ್ಕೆ ಎಂದು ಕೇಳುವವರು ಈ ಪೋಸ್ಟನ್ನು ಇಲ್ಲಿಗೇ ಬಿಟ್ಟು ಅಡುಗೆ ವಿಡಿಯೋ ನೋಡಲು ಹೋಗಬಹುದು. ನನಗೇನೂ ಬೇಜಾರಿಲ್ಲ.

ಮೊದಲನೇ ಈಮೇಲಿನಲ್ಲಿ ಅಚ್ಚಿನ ತೊಂದರೆ ಇತ್ತು. ಎರಡನೆಯದರಲ್ಲಿ ಹಡಗಿನ ತೊಂದರೆ. ಮೂರನೆಯದರಲ್ಲಿ ಪೆಟ್ಟಿಗೆಯ ಮೇಲೆ ಚಿತ್ರ ಬರೆಯುವವನಿಗೇ ಏನೋ ತೊಂದರೆ. ನಾಲ್ಕು, ಐದು, ಆರರಲ್ಲಿ ಕಾರಣ ಹೇಳುವ ಗೋಜಿಗೇ ಹೋಗದೆ ದಿನಾಂಕ ಮಾತ್ರ ಬದಲಾಯಿಸಿದ್ದರು. ನಿನ್ನೆಯದರಲ್ಲಿ ಹೀಗಿತ್ತು: ಎಲ್ಲ ಸಿದ್ಧವಾಗಿದೆ, ರೆಕ್ಕೆಯ ಮೇಲೆ ಅಂಟಿಸುವ ಸ್ಟಿಕ್ಕರ್ ಹಾಳೆ ಒಂದು ಮಾತ್ರ ಬಾಕಿ, ನಿಮ್ಮ ತಾಳ್ಮೆಗೆ ಧನ್ಯವಾದ.

ನನಗೆ ತಾಳ್ಮೆ ಇದೆ ಎಂದು ಇವರಿಗೆ ಹೇಳಿದವರು ಯಾರು?

ಈ ಒಂದು ಕಿಟ್‌ಗಾಗಿ ಕಾಯುವವರದ್ದೇ ಒಂದು ಗುಂಪಿದೆ ಫೋನಿನಲ್ಲಿ. ಅಲ್ಲಿ ನಿನ್ನೆಯಿಂದ ಬರೀ ಬೈಗುಳ. ಒಬ್ಬ ಕೋರ್ಟಿಗೆ ಹೋಗುತ್ತೇನೆ ಎಂದಿದ್ದಾನೆ, ಇನ್ನೊಬ್ಬ ಅವನಿಗೆ ಚಪ್ಪಾಳೆ ಹಾಕಿದ್ದಾನೆ, ಇಬ್ಬರೂ ಎಲ್ಲಿಗೂ ಹೋಗುವುದಿಲ್ಲ. ನಾನು ಮಾತ್ರ ಬೈಯಲಿಲ್ಲ. ‘ಒಂದು ಮಾತ್ರ ಬಾಕಿ’ ಎಂಬುದನ್ನು ಎರಡೆರಡು ಸಲ ಓದಿದೆ, ಫೋನ್ ಕೆಳಗಿಟ್ಟೆ, ಒಂದು ಕ್ಷಣ ಗೌರವದಿಂದ ಸುಮ್ಮನೆ ಕೂತೆ. ಈ ವಾಕ್ಯವನ್ನು ನಾನು ಬಲ್ಲೆ. ಇದನ್ನು ಹೇಳಿ ಹೇಳಿಯೇ ನಾನು ದೊಡ್ಡವಳಾದದ್ದು.

ನಮ್ಮಪ್ಪ ತೀರ್ಥಹಳ್ಳಿಯಲ್ಲಿ ಟೈಲರ್ ಆಗಿದ್ದರು. ಎಂಬತ್ತರ ದಶಕದ ಮೊದಲ ಕೆಲವು ವರ್ಷಗಳ ಮಾತು. ಬಸ್ ಸ್ಟ್ಯಾಂಡಿಗೆ ಹತ್ತಿರ, ರಸ್ತೆಗೆ ಮುಖ ಮಾಡಿದ ಒಂದೇ ಕೋಣೆಯ ಅಂಗಡಿ. ಎರಡು ಮಿಷನ್ನು, ಒಂದು ಕಟಿಂಗ್ ಮೇಜು, ಗಿರಾಕಿಗಳಿಗೆ ಕೂರಲು ಒಂದು ಬೆಂಚು. ಆ ಬೆಂಚು ಸವೆದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಂಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದ್ದು ಅದೇ.

ಅಪ್ಪನ ಕೈಯಲ್ಲಿ ತೊಂದರೆ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೋಟು ಹೊಲಿಯುವುದರಲ್ಲಿ ತನ್ನನ್ನು ಮೀರಿಸುವವನು ಸಾಗರದ ತನಕ ಹುಡುಕಿದರೂ ಸಿಗುವುದಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು, ಅದು ನಿಜವೂ ಆಗಿತ್ತು. ತೊಂದರೆ ಇದ್ದದ್ದು ಬಾಯಿಯಲ್ಲಿ. ಆ ಬಾಯಿಗೆ ‘ಆಗೋದಿಲ್ಲ’ ಎಂಬ ಮಾತು ಬರುತ್ತಿರಲಿಲ್ಲ. ಗಣಪತಿ ಹಬ್ಬಕ್ಕೆ ಮೂರು ದಿನ ಇರುವಾಗ ಬಟ್ಟೆ ತಂದರೂ ‘ಇಡಿ, ಇಡಿ’ ಎನ್ನುತ್ತಿದ್ದರು. ಯಾವತ್ತು ಸಿಗುತ್ತದೆ ಎಂದು ಕೇಳಿದರೆ ಗೋಡೆಯ ಕ್ಯಾಲೆಂಡರನ್ನು ಬಹಳ ಹೊತ್ತು ಗಂಭೀರವಾಗಿ ನೋಡಿ ಒಂದು ದಿನ ಹೇಳುತ್ತಿದ್ದರು. ಅದು ಹೋದ ವರ್ಷದ ಕ್ಯಾಲೆಂಡರ್ ಎಂದು ಒಬ್ಬ ಗಿರಾಕಿಯೂ ಗಮನಿಸಲಿಲ್ಲ.

ಅವರ ಹತ್ತಿರ ಒಂದು ವಿದ್ಯೆ ಇತ್ತು. ಗಿರಾಕಿ ಇನ್ನೂ ಎದುರಿಗೆ ನಿಂತಿರುವಾಗಲೇ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ನೀಲಿ ಚಾಕಿನಲ್ಲಿ ಒಂದು ಗೆರೆ ಎಳೆದು, ಕಚಕ್ಕೆಂದು ಒಂದು ಕತ್ತರಿ ಹಾಕಿಬಿಡುತ್ತಿದ್ದರು. ಒಂದೇ ಒಂದು, ಗೇಣುದ್ದ. ಗಿರಾಕಿಗೆ ಪರಮ ಸಂತೋಷ, ಆಗಲೇ ಶುರು ಮಾಡಿದರಲ್ಲ ಎಂದು. ಅಸಲು ಸಂಗತಿ ಏನೆಂದರೆ, ಒಬ್ಬನ ಕತ್ತರಿ ಬಿದ್ದ ಬಟ್ಟೆಯನ್ನು ಇನ್ನೊಬ್ಬ ಟೈಲರ್ ಮುಟ್ಟುವುದಿಲ್ಲ. ಆ ಗಿರಾಕಿ ಇನ್ನು ಸಿಟ್ಟು ಮಾಡಿಕೊಂಡರೂ ನಮ್ಮವನೇ, ಅತ್ತರೂ ನಮ್ಮವನೇ. ಆಮೇಲೆ ಬಟ್ಟೆ ಮಡಚಿ ಕಪಾಟಿನೊಳಗೆ ಹೋಗುತ್ತಿತ್ತು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಆ ಗೇಣುದ್ದದ ಕತ್ತರಿಗೆ ಈಗ ಪ್ರೀ ಆರ್ಡರ್ ಎಂದು ಹೆಸರು.

ಅಮ್ಮನ ಬಟ್ಟೆಯೂ ಆ ಕಪಾಟಿನಲ್ಲಿತ್ತು. ‘ಟೈಲರ್ ಹೆಂಡ್ತಿ ಅಂತ ಹೆಸ್ರು. ನನ್ ರವಿಕೆಗೆ ನಾನು ಬೇರೆಯವ್ರ ಕಾಲು ಹಿಡೀಬೇಕು’ ಎಂದು ಅವಳು ತಿಂಗಳಿಗೆ ಒಂದು ಸಲ ಹೇಳುತ್ತಿದ್ದಳು. ಅಪ್ಪ ಕ್ಯಾಲೆಂಡರ್ ನೋಡುತ್ತಿದ್ದರು.

ಇನ್ನು ನನ್ನ ಕೆಲಸ. ಶಾಲೆ ಬಿಟ್ಟ ಮೇಲೆ ಸಂಜೆ ನಾನು ಅಂಗಡಿಯಲ್ಲಿ ಕೂತು ಓದಬೇಕು ಎಂದು ವ್ಯವಸ್ಥೆ. ಓದು ನೆಪ. ದೂರದಲ್ಲಿ ಹಳೇ ಗಿರಾಕಿ ಕಂಡ ಕೂಡಲೇ ಅಪ್ಪ ಹಿಂದಿನ ಬಾಗಿಲಿನಿಂದ ಹೊರಡುತ್ತಿದ್ದರು, ಹೊರಡುವಾಗ ಹೇಳುತ್ತಿದ್ದ ಮಾತು ಒಂದೇ: ‘ಕಾಜಾ ಒಂದೇ ಬಾಕಿ ಅನ್ನು.’ ಕಾಜಾ ಎಂದರೆ ಗುಂಡಿ ತೂರಿಸುವ ತೂತಿನ ಸುತ್ತ ಕೈಯಲ್ಲಿ ಹಾಕುವ ಹೊಲಿಗೆ. ಬಟ್ಟೆಯ ಕಟ್ಟಕಡೆಯ ಕೆಲಸ. ಅದೊಂದೇ ಬಾಕಿ ಎಂದರೆ ಉಳಿದದ್ದೆಲ್ಲ ಮುಗಿದಿದೆ ಎಂದು ಕೇಳುವವರೇ ಅರ್ಥ ಮಾಡಿಕೊಳ್ಳುತ್ತಾರೆ. ನಾವು ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ, ಏಕೆಂದರೆ ಕಾಜಾ ನಿಜವಾಗಿಯೂ ಬಾಕಿ ಇರುತ್ತಿತ್ತಲ್ಲ.

ಎರಡು ಜಡೆ, ಎಣ್ಣೆ ಹಚ್ಚಿದ ತಲೆ, ಎದುರಿಗೆ ತೆರೆದಿಟ್ಟ ಸಮಾಜ ವಿಜ್ಞಾನದ ಪುಸ್ತಕ. ಇಂಥ ಮುಖ ಸುಳ್ಳು ಹೇಳುತ್ತದೆ ಎಂದು ಯಾರು ನಂಬುತ್ತಾರೆ? ನಮ್ಮ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಶಂಕರಪ್ಪ ಮೇಷ್ಟ್ರು ಒಬ್ಬರಿಗೆ ಮಾತ್ರ ಸ್ವಲ್ಪ ಅನುಮಾನವಿತ್ತು. ಅವರ ಪ್ಯಾಂಟಿನ ಬಟ್ಟೆ ಬೇಸಗೆ ರಜೆಯಿಂದ ನಮ್ಮಲ್ಲಿತ್ತು.

‘ವಸಂತಿ, ಅಪ್ಪ ಎಲ್ಲೇ?’

‘ದಾರ ತರಕ್ಕೆ ಹೋಗಿದಾರೆ ಸರ್.’

‘ನನ್ ಪ್ಯಾಂಟು?’

‘ಆಗಿದೆ ಸರ್. ಕಾಜಾ ಒಂದೇ ಬಾಕಿ.’

‘ಒಂದ್ ಪ್ಯಾಂಟಿಗೆ ಎಷ್ಟ್ ಕಾಜಾ ಇರುತ್ತೆ ಮಾರಾಯ್ತಿ? ಹೋದ್ ವಾರನೂ ಕಾಜಾ, ಅದರ್ ಹಿಂದಿನ್ ವಾರನೂ ಕಾಜಾ.’

‘ಕೈಯಲ್ಲಿ ಹಾಕೋದು ಸರ್. ನಿಮ್ಗೆ ಅಂತ ನಿಧಾನಕ್ಕೆ ಹಾಕ್ತಿದಾರೆ.’

ಅವರು ಬೆಂಚಿನ ಮೇಲೆ ಐದು ನಿಮಿಷ ಕೂತು, ಮಂಡಿಯ ಹತ್ತಿರ ತೆಳ್ಳಗಾದ ತಮ್ಮ ಹಳೇ ಪ್ಯಾಂಟನ್ನು ಸವರಿಕೊಂಡು ಎದ್ದು ಹೋಗುತ್ತಿದ್ದರು. ಮರುದಿನ ತರಗತಿಯಲ್ಲಿ ನನಗೇ ಹುಡುಕಿ ಹುಡುಕಿ ಪ್ರಶ್ನೆ ಕೇಳುತ್ತಿದ್ದರು. ಟೈಲರ್ ಮಗಳಾಗಿ ಹುಟ್ಟಿದ್ದಕ್ಕೆ ಆಮ್ಲಜನಕ ತಯಾರಿಸುವ ವಿಧಾನವನ್ನು ನಾನು ಇವತ್ತಿಗೂ ಬಾಯಿಪಾಠ ಹೇಳಬಲ್ಲೆ.

ಹೀಗೆ ಊರಿಗೆಲ್ಲ ‘ಮುಂದಿನ ವಾರ’ ಹಂಚಿಕೊಂಡು ಸುಖವಾಗಿದ್ದ ನಮಗೆ ಸಾಗರದ ಕಾಮತರು ಸಿಕ್ಕಿದರು.

ನಾನು ಒಂಬತ್ತನೇ ತರಗತಿಗೆ ಹೋಗಲಿದ್ದ ಬೇಸಗೆ. ಸಾಗರದಲ್ಲಿ ನೆಂಟರ ಮದುವೆಗೆ ಹೋದವರು ಊಟ ಮುಗಿಸಿ ಪೇಟೆ ಸುತ್ತುತ್ತಿದ್ದೆವು. ಕಾಮತರದ್ದು ಬಳೆ, ರಿಬ್ಬನ್ನು, ಪೌಡರು, ಆಟದ ಸಾಮಾನು ಎಲ್ಲ ಇರುವ ಫ್ಯಾನ್ಸಿ ಅಂಗಡಿ. ಗಾಜಿನ ಕಪಾಟಿಗೆ ಒಳಗಿನಿಂದ ಒಂದು ಬಣ್ಣದ ಚಿತ್ರ ಅಂಟಿಸಿದ್ದರು. ಎರಡು ರೆಕ್ಕೆಯ ವಿಮಾನ. ಕೆಳಗೆ ಕೈಬರಹದಲ್ಲಿ: ‘ನೀವೇ ಜೋಡಿಸಿ, ನೀವೇ ಹಾರಿಸಿ. ಬುಕಿಂಗ್ ಆರಂಭ.’

ನಾನು ಆ ಗಾಜಿಗೆ ಮೂಗು ಒತ್ತಿ ನಿಂತವಳು ಅಲ್ಲಾಡಲಿಲ್ಲ. ಒಳಗಿನಿಂದ ಕಾಮತರು ಬಂದು ವಿವರಿಸಿದರು. ಹತ್ತಿಯಷ್ಟು ಹಗುರದ ಮರವಂತೆ, ಅದರಲ್ಲಿ ಪಕ್ಕೆಲುಬಿನಂಥ ತುಂಡುಗಳನ್ನು ಕತ್ತರಿಸಿ ಅಂಟಿಸಬೇಕಂತೆ, ಮೇಲೆ ತೆಳ್ಳನೆ ಕಾಗದ ಹೊದಿಸಬೇಕಂತೆ, ಮೂತಿಯಲ್ಲಿ ಒಂದು ಕೆಂಪು ಪಂಖ, ಹೊಟ್ಟೆಯೊಳಗೆ ರಬ್ಬರು. ಪಂಖ ತಿರುವಿ ಬಿಟ್ಟರೆ ಹಾರುತ್ತದಂತೆ.

‘ಗಂಡ್‌ಮಕ್ಕಳ ಆಟ ಅದು ತಂಗಿ, ನಿಂಗೆ ಬಳೆ ತೋರಿಸ್ಲಾ?’ ಎಂದರು ಕಾಮತರು.

ಅಪ್ಪನಿಗೆ ಅದು ತಾಗಿತು. ‘ಯಾಕ್ರೀ, ನನ್ ಮಗ್ಳು ಕತ್ತರಿ ಹಿಡಿದ್ರೆ ನೀವು ನಿಂತು ನೋಡ್ಬೇಕು’ ಎಂದವರೇ ಮುಂಗಡ ಕೊಟ್ಟು ನನ್ನ ಹೆಸರು ಬರೆಸಿದರು. ಅಪ್ಪ ಯಾವ ಊರು, ಏನು ಕೆಲಸ ಎಂದು ಮಾತಿಗೆ ಮಾತು ಬೆಳೆಯಿತು. ಕೋಟಿನ ಟೈಲರ್ ಎಂದು ಗೊತ್ತಾದ ಕೂಡಲೇ ಕಾಮತರ ಮುಖ ಅರಳಿತು. ಅವರ ಮಗಳ ಮದುವೆ ವರ್ಷದ ಕೊನೆಗೆ ನಿಶ್ಚಯವಾಗಿತ್ತು, ಕೋಟಿನ ಬಟ್ಟೆ ಮನೆಯಲ್ಲಿ ಬಿದ್ದಿತ್ತು. ತರಿಸಿದರು. ಅಪ್ಪ ಅಲ್ಲೇ ಅಳತೆ ತೆಗೆದರು. ರಿಬ್ಬನ್ನು ಕತ್ತರಿಸುವ ಮೇಜಿನ ಮೇಲೆ ಬಟ್ಟೆ ಹಾಸಿ, ಅಂಗಡಿಯದ್ದೇ ಕತ್ತರಿಯಲ್ಲಿ ಕಚಕ್ ಎಂದು ಒಂದು ಹಾಕಿಯೂಬಿಟ್ಟರು.

‘ಯಾವಾಗ ಕೊಡ್ತೀರಿ?’ ಎಂದು ಇಬ್ಬರೂ ಒಟ್ಟಿಗೇ ಕೇಳಿದರು. ‘ಮುಂದಿನ ತಿಂಗಳು’ ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಒಬ್ಬರ ಮೇಲೊಬ್ಬರಿಗೆ ಎಷ್ಟು ವಿಶ್ವಾಸ ಹುಟ್ಟಿತೆಂದರೆ ಕಾಫಿ ತರಿಸಿ ಕುಡಿದೇ ಎದ್ದದ್ದು.

ಮುಂದಿನ ತಿಂಗಳು ಬಂತು, ಹೋಯಿತು. ಆಗ ನಮ್ಮ ಅಂಗಡಿಯಲ್ಲಿ ಫೋನಿರಲಿಲ್ಲ. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಲಕ್ಷ್ಮಣಣ್ಣನೇ ನಮ್ಮ ಫೋನು. ಬೆಳಿಗ್ಗೆ ನಾನು ಪ್ರಶ್ನೆ ಕೊಡುತ್ತಿದ್ದೆ, ಸಂಜೆ ಅವನು ಉತ್ತರ ತರುತ್ತಿದ್ದ. ‘ಬೊಂಬಾಯಲ್ಲಿ ಮಳೆಯಂತೆ.’ ‘ಲಾರಿ ಸ್ಟ್ರೈಕಂತೆ.’ ‘ಪಾರ್ಸಲ್ಲು ಶಿವಮೊಗ್ಗಕ್ಕೆ ಬಂದು ಹುಬ್ಬಳ್ಳಿಗೆ ವಾಪಸ್ ಹೋಗಿದೆಯಂತೆ.’ ಒಂದೊಂದು ಉತ್ತರಕ್ಕೂ ಬಾಲದ ಹಾಗೆ ‘ಮುಂದಿನ್ ವಾರ ಗ್ಯಾರಂಟಿ ಅಂದ್ರು’ ಎಂದು ಸೇರಿಸುತ್ತಿದ್ದ.

ಆಶ್ಚರ್ಯ ಅಂದರೆ ನಾನು ಅದನ್ನು ನಂಬುತ್ತಿದ್ದೆ. ಸಂಜೆ ಐದಕ್ಕೆ ಶಂಕರಪ್ಪ ಮೇಷ್ಟ್ರಿಗೆ ಕಣ್ಣು ಮಿಟುಕಿಸದೆ ಸುಳ್ಳು ಹೇಳಿ, ಐದೂವರೆಗೆ ಲಕ್ಷ್ಮಣಣ್ಣ ತಂದ ಅದೇ ಸುಳ್ಳನ್ನು ನಂಬಿ ಖುಷಿಯಾಗಿ ಮನೆಗೆ ಹೋಗುತ್ತಿದ್ದೆ. ಸ್ವಂತಕ್ಕೆ ಬಂದಾಗ ಎಲ್ಲರೂ ಗಿರಾಕಿಗಳೇ.

ನವೆಂಬರಿನಲ್ಲಿ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನದ ಪಟ್ಟಿ ಮಾಡಿದರು. ನಾನು ಎದ್ದು ನಿಂತು ‘ಹಾರುವ ವಿಮಾನ’ ಎಂದೆ. ತರಗತಿ ಪೂರ್ತಿ ತಿರುಗಿ ನೋಡಿತು. ಶುಭಾ ಎಂಬ ಹುಡುಗಿ ಮಣ್ಣಿನಲ್ಲಿ ಜ್ವಾಲಾಮುಖಿ ಮಾಡುವುದಾಗಿ ಹೇಳಿದವಳು ಪೆಚ್ಚಾಗಿ ಕೂತಳು. ಶಂಕರಪ್ಪ ಮೇಷ್ಟ್ರು ಕನ್ನಡಕದ ಮೇಲಿಂದ ನನ್ನನ್ನು ನೋಡಿ ‘ಪ್ರದರ್ಶನದ ದಿನ ಇರುತ್ತಾ, ಇಲ್ಲ ಕಾಜಾ ಬಾಕಿ ಇರುತ್ತಾ?’ ಎಂದರು. ಎಲ್ಲರೂ ನಕ್ಕರು. ಅವರಲ್ಲಿ ಅರ್ಧ ಮಕ್ಕಳ ಮನೆಯ ಬಟ್ಟೆ ನಮ್ಮ ಕಪಾಟಿನಲ್ಲಿತ್ತು, ಹಾಗಾಗಿ ಆ ನಗುವಿನಲ್ಲಿ ಸ್ವಲ್ಪ ವಿಷವೂ ಇತ್ತು.

ಅವತ್ತು ತೀರ್ಮಾನ ಮಾಡಿದೆ. ವಿಮಾನ ಮೇಜಿನ ಮೇಲೆ ಕೂರಲೇಬೇಕು. ಇಲ್ಲದಿದ್ದರೆ ಹತ್ತನೇ ತರಗತಿ ಮುಗಿಯುವ ತನಕ ನನ್ನ ಹೆಸರು ಕಾಜಾ.

ಪ್ರದರ್ಶನಕ್ಕೆ ಎಂಟು ದಿನ ಇರುವಾಗ ಭಾನುವಾರ ಅಮ್ಮನ ಕಾಲಿಗೆ ಬಿದ್ದು, ಲಕ್ಷ್ಮಣಣ್ಣನ ಜವಾಬ್ದಾರಿಯ ಮೇಲೆ, ಅವನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಸಾಗರಕ್ಕೆ ಹೋದೆ. ಕಾಮತರ ಅಂಗಡಿಯ ಹೊಸ್ತಿಲು ದಾಟಿದವಳಿಗೆ ಮೊದಲು ಕಂಡದ್ದೇ ಆ ಪೆಟ್ಟಿಗೆ. ಪೌಡರ್ ಡಬ್ಬಿಗಳ ಮೇಲಿನ ಅಟ್ಟದಲ್ಲಿ, ಧೂಳು ಹಿಡಿದು, ಒಂದು ಚೀಟಿ ಅಂಟಿಸಿಕೊಂಡು ಕೂತಿತ್ತು. ಚೀಟಿಯಲ್ಲಿ ‘ತೀರ್ಥಹಳ್ಳಿ ಟೈಲರ್’ ಎಂದು ಬರೆದಿತ್ತು.

‘ಅದು ನಂದು’ ಎಂದೆ.

ಕಾಮತರು ತಲೆ ಎತ್ತಿ ನೋಡಿದರು. ‘ಹೌದು, ನಿಂದೇ.’

‘ಯಾವಾಗ ಬಂತು?’

‘ಆಷಾಢದಲ್ಲಿ ಬಂತು.’

‘ಮತ್ತೆ ಲಾರಿ ಸ್ಟ್ರೈಕು ಅಂದ್ರಿ. ಹುಬ್ಬಳ್ಳಿಗೆ ಹೋಗಿದೆ ಅಂದ್ರಿ.’

‘ಅಂದೆ. ಎಂತ ಮಾಡೂದು ಹೇಳು? ನನ್ ಕೋಟು ಎಲ್ಲಿದೆ ಅಂತ ಕೇಳಿದ್ರೆ ನಿಮ್ಮನೆಯಿಂದ ಎಂತ ಉತ್ರ ಬಂತು?’

ಆ ಉತ್ತರ ಬರೆದು ಕಳಿಸಿದ್ದು ನಾನೇ. ಶ್ರಾವಣದಿಂದ ಒಟ್ಟು ಐದು ಚೀಟಿ. ಕಾಮತರು ಗಲ್ಲಾಪೆಟ್ಟಿಗೆಯಿಂದ ಅವನ್ನು ತೆಗೆದು ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. ನನ್ನದೇ ದುಂಡನೆಯ ಅಕ್ಷರ. ಕಾಜಾ ಒಂದೇ ಬಾಕಿ, ಕಾಜಾ ಒಂದೇ ಬಾಕಿ, ಕಾಜಾ ಒಂದೇ ಬಾಕಿ.

‘ಅಕ್ಷರ ಚೆನ್ನಾಗಿದೆ’ ಎಂದರು ಕಾಮತರು. ‘ಬರೂ ಭಾನುವಾರ ನನ್ ಮಗ್ಳ ಮದ್ವೆ. ನಿಮ್ಮಪ್ಪ ಕತ್ತರಿ ಹಾಕಿದ ಬಟ್ಟೆ, ಬೇರೆಯವ್ರು ಮುಟ್ಟೂದಿಲ್ಲ. ಧಾರೆ ಎರೀವಾಗ ನಾನು ಬನೀನಲ್ಲಿ ನಿಲ್ಲೂದಾ? ಕೋಟು ಬರ್ಲಿ, ಪೆಟ್ಟಿಗೆ ಇಳೀತದೆ.’

ಹೊರಡುವಾಗ ನನಗೊಂದು ಪೆಪ್ಪರಮೆಂಟು ಕೊಟ್ಟರು. ನಾನು ತೆಗೆದುಕೊಂಡೆ. ಸ್ವಾಭಿಮಾನ ಇತ್ತು, ಆದರೆ ಬಸ್ಸಿನ ದಾರಿ ಉದ್ದ.

ಸೋಮವಾರ ಸಂಜೆ ಅಂಗಡಿಯಲ್ಲಿ ಅಪ್ಪನಿಗೆ ಕೇಳಿದೆ. ‘ಕಾಮತ್ರ ಕೋಟು ಎಷ್ಟಾಗಿದೆ?’

‘ಆಗಿದೆ ಮಗಾ. ಕಾಜಾ ಒಂದೇ...’

‘ನಂಗೇ ಹೇಳ್ತೀರಾ?’

ಅಪ್ಪ ಕಪಾಟು ತೆರೆದರು. ಮೇಲಿನ ಹನ್ನೆರಡು ಬಟ್ಟೆ ತೆಗೆದು ಕೆಳಗಿಟ್ಟ ಮೇಲೆ ಕಾಮತರ ಬಟ್ಟೆ ಸಿಕ್ಕಿತು. ಬೇಸಗೆಯಲ್ಲಿ ಹಾಕಿದ ಆ ಗೇಣುದ್ದದ ಕತ್ತರಿ ಬಿಟ್ಟರೆ ಬೇರೆ ಗಾಯ ಇರಲಿಲ್ಲ. ಮಳೆಗಾಲವಿಡೀ ನಾನು ಮುದ್ದಾದ ಅಕ್ಷರದಲ್ಲಿ ಬರೆದದ್ದು ಈ ಬಟ್ಟೆಯ ಬಗ್ಗೆ.

ನಾನು ಬೆಂಚಿನ ಮೇಲೆ ಹೋಗಿ ಕೂತೆ. ಗಿರಾಕಿಗಳು ಕೂರುವ ಬೆಂಚು. ಅಲ್ಲಿಂದ ನೋಡಿದರೆ ಅಂಗಡಿ ಬೇರೆಯೇ ಥರ ಕಾಣುತ್ತಿತ್ತು. ಮಿಷನ್ನಿನ ಹಿಂದಿನ ಗೋಡೆಯಲ್ಲಿ ಹಳೇ ಕ್ಯಾಲೆಂಡರು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ನನಗೆ ಆವತ್ತೇ ಗೊತ್ತಾದದ್ದು. ಅಪ್ಪ ಎರಡು ಸಲ ನನ್ನ ಕಡೆ ನೋಡಿದರು. ಆಮೇಲೆ ಕತ್ತರಿ ತೆಗೆದುಕೊಂಡರು.

ಮಂಗಳವಾರದಿಂದ ಗುರುವಾರದ ತನಕ ಅಂಗಡಿಯ ಬಾಗಿಲು ಅರ್ಧ ಎಳೆದು ಅಪ್ಪ ಕೋಟು ಹೊಲಿದರು. ಹೊಲಿದರೆ ಹೇಗೆ ಹೊಲಿಯುತ್ತಿದ್ದರು ಅಂತೀರಿ. ಭುಜ ಕೂರಿಸುವಾಗ ಉಸಿರು ಬಿಗಿ ಹಿಡಿಯುತ್ತಿದ್ದರು. ಒಳಗಿನ ಅಸ್ತರಿನ ಹೊಲಿಗೆ ಬೆರಳಿಗೆ ಸಿಕ್ಕುತ್ತಿರಲಿಲ್ಲ. ಇಷ್ಟು ಬರುವ ಮನುಷ್ಯ ವರ್ಷವಿಡೀ ಹಿಂದಿನ ಬಾಗಿಲಿನಿಂದ ಓಡುವುದು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಇವತ್ತು ಅರ್ಥವಾಗಿದೆ ಎಂದು ಹೇಳಿದರೆ ಅದೂ ಸುಳ್ಳು.

ಈಗ ಕೋಟು ತಲುಪಿಸುವ ಪ್ರಶ್ನೆ. ಲಕ್ಷ್ಮಣಣ್ಣನ ಕೈಯಲ್ಲಿ ಕಳಿಸಿ ಎಂದರೆ ಅಪ್ಪ ಒಪ್ಪಲಿಲ್ಲ; ಕೋಟು ಕೈಗೆ ಸಿಕ್ಕ ಮೇಲೆ ಕಾಮತರು ಪೆಟ್ಟಿಗೆ ಕೊಡದಿದ್ದರೆ? ಕಾಮತರೂ ಪೆಟ್ಟಿಗೆ ಕಳಿಸಲು ಒಪ್ಪಲಿಲ್ಲ, ಇದೇ ಅನುಮಾನ. ಅಪ್ಪ ಸಾಗರಕ್ಕೆ ಹೋಗುವಂತಿಲ್ಲ, ಅಲ್ಲಿ ಅವರನ್ನು ಹುಡುಕುತ್ತಿದ್ದ ಹಳೇ ಗಿರಾಕಿಗಳು ಇನ್ನೂ ನಾಲ್ಕು ಜನ ಇದ್ದರು. ಕಾಮತರು ತೀರ್ಥಹಳ್ಳಿಗೆ ಬರುವಂತಿಲ್ಲ, ಮನೆ ತುಂಬ ಮದುವೆಯ ನೆಂಟರು. ಕೊನೆಗೆ ಲಕ್ಷ್ಮಣಣ್ಣನೇ ಪಂಚಾಯ್ತಿಕೆ ಮಾಡಿದ. ‘ಇಬ್ರೂ ಅರ್ಧ ದಾರಿ ಬನ್ನಿ ಮಾರಾಯ್ರೆ. ಶುಕ್ರವಾರ ಹನ್ನೊಂದಕ್ಕೆ ಹೊಸನಗರದ ಬಸ್ ಸ್ಟ್ಯಾಂಡು. ಕೊಡೋದು ತಗಳೋದು ನನ್ ಎದುರಿಗೇ ಆಗ್ಲಿ.’

ಶುಕ್ರವಾರ ಶಾಲೆಗೆ ಚಕ್ಕರ್ ಹಾಕಿ ನಾನೂ ಹೊರಟೆ. ಬಸ್ಸು ಬಿಟ್ಟ ಮೇಲೆ ಅಪ್ಪ ಕೋಟನ್ನು ತೊಡೆಯ ಮೇಲೆ ಹಾಸಿ, ಜೇಬಿನಿಂದ ಸೂಜಿ ದಾರ ತೆಗೆದರು.

‘ಎಂತ ಬಾಕಿ?’ ಎಂದೆ.

ಅಪ್ಪ ನನ್ನ ಮುಖ ನೋಡಲಿಲ್ಲ. ‘ಕಾಜಾ.’

ಮುಂಭಾಗಕ್ಕೆ ಮೂರು ಕಾಜಾ. ಕವಲೇದುರ್ಗದ ಕಡೆಗೆ ತಿರುಗುವ ಕೈಮರ ದಾಟುವಷ್ಟರಲ್ಲಿ ಎರಡು ಮುಗಿದವು. ಬಸ್ಸು ಕುಲುಕುವಾಗ ಸೂಜಿ ಎತ್ತಿ ಹಿಡಿಯುವುದು, ನೇರ ರಸ್ತೆ ಸಿಕ್ಕಾಗ ನಾಲ್ಕು ಹೊಲಿಗೆ ಎಳೆಯುವುದು. ಪಕ್ಕದ ಸೀಟಿನವರೆಲ್ಲ ಉಸಿರು ಹಿಡಿದು ನೋಡುತ್ತಿದ್ದರು. ಮೂರನೆಯದನ್ನು ಅರ್ಧ ಹೊಲಿದಿದ್ದರು, ಚಕ್ರ ಒಂದು ಹೊಂಡಕ್ಕೆ ಇಳಿಯಿತು, ಸೂಜಿ ಮುರಿಯಿತು. ಬೇರೆ ಸೂಜಿ ತಂದಿರಲಿಲ್ಲ. ಬಸ್ಸಿನ ತುಂಬ ಕೇಳಿದರೂ ಒಬ್ಬರ ಬಳಿಯೂ ಇರಲಿಲ್ಲ.

ಹೊಸನಗರದಲ್ಲಿ ಕಾಮತರು ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಅಪ್ಪ ಕೋಟನ್ನು ಎದೆಗೆ ಒತ್ತಿಕೊಂಡು ಇಳಿದರು. ಇಬ್ಬರ ಮಧ್ಯೆ ಲಕ್ಷ್ಮಣಣ್ಣ. ಎರಡು ದೇಶಗಳು ಸೆರೆಯಾಳುಗಳನ್ನು ಬದಲಾಯಿಸಿಕೊಳ್ಳುವ ಹಾಗಿತ್ತು. ಕಡಲೆಕಾಯಿ ಮಾರುವವನೂ ವ್ಯಾಪಾರ ಬಿಟ್ಟು ಬಂದು ನಿಂತ.

‘ಮೊದ್ಲು ಪೆಟ್ಟಿಗೆ ತೋರ್ಸಿ’ ಎಂದರು ಅಪ್ಪ.

‘ಮೊದ್ಲು ಕೋಟು ಹಾಕಿ ನೋಡ್ತೇನೆ’ ಎಂದರು ಕಾಮತರು.

ಕಾಮತರು ಪಂಚೆಯ ಮೇಲೆ ಕೋಟು ಹಾಕಿದರು. ನಿಜ ಹೇಳುತ್ತೇನೆ, ಆ ದುಂಡು ಹೊಟ್ಟೆಯ ಮನುಷ್ಯ ಒಂದು ಕ್ಷಣಕ್ಕೆ ಜಿಲ್ಲಾಧಿಕಾರಿಯ ಹಾಗೆ ಕಂಡರು. ನಿಂತವರೆಲ್ಲ ‘ಆಹಾ’ ಎಂದರು. ಕಾಮತರು ಸಂತೋಷದಿಂದ ಗುಂಡಿ ಹಾಕಿಕೊಳ್ಳಲು ಶುರು ಮಾಡಿದರು. ಒಂದು ಹಾಕಿದರು. ಎರಡು ಹಾಕಿದರು. ಮೂರನೆಯದಕ್ಕೆ ಬಂದು ಬೆರಳು ನಿಂತಿತು.

‘ಇದೆಂತ?’

ಅಪ್ಪ ಬಾಯಿ ತೆರೆದರು. ಜೀವಮಾನದಲ್ಲಿ ಮೊದಲನೇ ಸಲ ಆ ಮಾತು ಅಕ್ಷರಶಃ ನಿಜವಾಗಿತ್ತು. ‘ಕಾಮತ್ರೇ, ದೇವ್ರಾಣೆಗೂ, ಕಾಜಾ ಒಂದೇ ಬಾಕಿ.’

ಕಡಲೆಕಾಯಿಯವನು ಸಹ ನಕ್ಕ. ಕಾಮತರು ನಗಲಿಲ್ಲ. ಪೆಟ್ಟಿಗೆ ಬಿಚ್ಚಿದರು, ಒಳಗೆ ಕೈ ಹಾಕಿದರು, ಕೆಂಪು ಪಂಖವನ್ನು ತೆಗೆದು ಹೊಸ ಕೋಟಿನ ಜೇಬಿಗೆ ಇಳಿಸಿಕೊಂಡು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. ‘ಇದೂ ಒಂದೇ ಬಾಕಿ’ ಎಂದರು. ಸಾಗರದ ಬಸ್ಸು ಹಾರ್ನ್ ಹೊಡೆಯಿತು, ಹತ್ತಿ ಹೋದರು.

ವಾಪಸು ಬರುವಾಗ ಅಪ್ಪ ಪೆಟ್ಟಿಗೆಯೊಳಗಿನ ತೆಳು ಮರದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ‘ಇದೂ ಕಟಿಂಗೇ ಅಲ್ವೇ’ ಎಂದರು. ‘ಇಲ್ಲಿ ಕೊಡು ಮಗಾ, ನಾನೇ ಮಾಡಿ ಕೊಡ್ತೀನಿ. ಮುಂದಿನ...’ ನಾನು ಪೆಟ್ಟಿಗೆ ಕಿತ್ತುಕೊಂಡು ಹಿಂದಿನ ಸೀಟಿಗೆ ಹೋಗಿ ಕೂತೆ.

ಶನಿವಾರ, ಭಾನುವಾರ ಎರಡು ದಿನ ಹಗಲೆಲ್ಲ ಕೂತು ಜೋಡಿಸಿದೆ. ಬೆರಳಿಗೆಲ್ಲ ಅಂಟು, ಊಟದಲ್ಲೂ ಅಂಟಿನ ವಾಸನೆ. ರೆಕ್ಕೆಗೆ ಕಾಗದ ಹೊದಿಸುವಾಗ ಸುಕ್ಕು ಬಂತು. ಅಪ್ಪ ದೂರದಿಂದಲೇ ‘ಅಡ್ಡ ಎಳೀಬೇಡ, ಓರೆ ಎಳಿ’ ಎಂದರು, ಸುಕ್ಕು ಹೋಯಿತು. ಅಷ್ಟು ಮಾತ್ರ ಅವರಿಗೆ ಅವಕಾಶ ಕೊಟ್ಟೆ. ಭಾನುವಾರ ಸಂಜೆಗೆ ವಿಮಾನ ಮೇಜಿನ ಮೇಲೆ ನಿಂತಿತ್ತು. ಎರಡು ರೆಕ್ಕೆ, ಬಾಲ, ಚಕ್ರ ಎಲ್ಲ ಇದ್ದು, ಮೂತಿ ಮಾತ್ರ ಮೊಂಡು.

ಸೋಮವಾರ ಪ್ರದರ್ಶನ. ಊರಿನವರೆಲ್ಲ ಬಂದಿದ್ದರು. ಶುಭಾಳ ಜ್ವಾಲಾಮುಖಿ ಕೆಂಪು ನೊರೆ ಕಾರುತ್ತಿತ್ತು. ಶಂಕರಪ್ಪ ಮೇಷ್ಟ್ರು ಕೈಯಲ್ಲಿ ಅಂಕದ ಹಾಳೆ ಹಿಡಿದು ನನ್ನ ಮೇ‌ಜಿನ ಹತ್ತಿರ ಬಂದರು. ಬಗ್ಗಿ ನೋಡಿದರು, ಸುತ್ತ ಬಂದು ನೋಡಿದರು. ಅವರಿಗೆ ಇಷ್ಟವಾಗಿತ್ತು, ಕಣ್ಣಿನಲ್ಲಿ ಕಾಣುತ್ತಿತ್ತು.

‘ಚೆನ್ನಾಗಿ ಮಾಡಿದೀಯ. ಹಾರ್ಸು ನೋಡಾಣ. ಮುಂದೆ ತಿರುಗೋದು ಎಲ್ಲಿ?’

ನಿಜ ಹೇಳಬಹುದಿತ್ತು. ಆದರೆ ಬಾಯಿ ನನ್ನ ಅಪ್ಪಣೆ ಕೇಳಲಿಲ್ಲ. ‘ಅದೊಂದೇ ಬಾಕಿ ಸರ್. ಮುಂದಿನ್ ವಾರ ಬರುತ್ತೆ.’

ಮೇಷ್ಟ್ರು ಅಂಕದ ಹಾಳೆಯಿಂದ ತಲೆ ಎತ್ತಿ ನನ್ನನ್ನು ನೋಡಿದರು. ಬೈಯಲಿಲ್ಲ. ‘ಅಪ್ಪನ ಮಗ್ಳೇ ಸರಿ’ ಎಂದು ಮುಂದಿನ ಮೇಜಿಗೆ ಹೋದರು. ಆಗ ಬಾಗಿಲ ಕಡೆ ನೋಡಿದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಪ್ಪ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಅವರು ಯಾವಾಗಲೂ ಹಿಂದಿನ ಬಾಗಿಲಿನಿಂದ ಹೋದ ಮೇಲೆ ನಾನು ಹೇಳುತ್ತಿದ್ದ ಮಾತು ಅದು. ಅದನ್ನು ನಾನು ಹೇಳುವಾಗ ಅವರು ಎದುರಿಗೆ ನಿಂತು ಕೇಳಿದ್ದು ಅದೇ ಮೊದಲು.

ಬಹುಮಾನ ಜ್ವಾಲಾಮುಖಿಗೆ ಹೋಯಿತು.

ಮರುದಿನ ಬೆಳಿಗ್ಗೆ ಅಪ್ಪ ಮನೆಯಲ್ಲಿರಲಿಲ್ಲ. ‘ಅರ್ಧ ಡಜನ್ ಸೂಜಿ ಜೇಬಿಗೆ ಹಾಕ್ಕಂಡು ಸಾಗರದ್ ಬಸ್ ಹತ್ತಿದ್ರು’ ಎಂದಳು ಅಮ್ಮ. ಆ ನಾಲ್ಕು ಗಿರಾಕಿಗಳು ಸಿಕ್ಕಿದರೋ ಇಲ್ಲವೋ ಗೊತ್ತಿಲ್ಲ, ಅಪ್ಪ ಹೇಳಲಿಲ್ಲ. ಮದುವೆ ಮುಗಿದ ಮನೆಯಲ್ಲಿ, ನೆಂಟರ ಮಧ್ಯೆ ಕೂತು, ಆ ಮೂರನೇ ಕಾಜಾ ಹಾಕಿ ಬಂದರಂತೆ. ಧಾರೆಯ ಫೋಟೋದಲ್ಲಿ ಕಾಮತರು ಕೆಳಗಿನ ಗುಂಡಿಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಾರೆ ಎಂದು ಲಕ್ಷ್ಮಣಣ್ಣ ಬಹಳ ಕಾಲದ ತನಕ ಹೇಳುತ್ತಿದ್ದ.

ನಿನ್ನೆ ಬಂದ ಆ ಕಂಪನಿಯ ಈಮೇಲಿಗೆ ನಾನು ಯಾಕೆ ಉತ್ತರ ಬರೆಯಲಿಲ್ಲ ಎಂದರೆ ಇದೇ ಕಾರಣ. ಕಾಮತರ ಬಳಿ ನನ್ನ ಪೆಟ್ಟಿಗೆ ಇತ್ತು, ನಮ್ಮ ಬಳಿ ಅವರ ಕೋಟು ಇತ್ತು. ಇವರ ಬಳಿ ನನ್ನ ದುಡ್ಡಿದೆ, ನನ್ನ ಬಳಿ ಇವರದ್ದು ಒಂದು ಗುಂಡಿಯೂ ಇಲ್ಲ. ಇಂಥವರ ಜೊತೆ ಹೊಸನಗರದಲ್ಲಿ ಇಳಿದು ಏನು ಮಾಡುವುದು?

ಸಾಗರಕ್ಕೆ ಹೋದ ದಿನ ಸಂಜೆ ಅಪ್ಪ ಬಸ್ಸಿಳಿದು ನೇರ ಅಂಗಡಿಗೆ ಬಂದರು. ಕೆಂಪು ಪಂಖವನ್ನು ನನ್ನ ಅಂಗೈ ಮೇಲೆ ಇಟ್ಟರು. ಅದನ್ನು ಅಂಗಡಿಯಲ್ಲಿಟ್ಟಿದ್ದ ವಿಮಾನದ ಮೂತಿಗೆ ಸಿಕ್ಕಿಸಿ, ರಬ್ಬರು ಬಿಗಿಯುವ ತನಕ ತಿರುವಿ, ಅಂಗಡಿಯ ಮೆಟ್ಟಿಲ ಮೇಲೆ ನಿಂತು ಬಿಟ್ಟೆ. ಹಾರಿತು. ಜರ್ರೆಂದು ಸದ್ದು ಮಾಡುತ್ತ, ಮೂತಿ ಎತ್ತಿಕೊಂಡು, ರಸ್ತೆ ದಾಟಿ, ನಿಂತ ಬಸ್ಸಿನ ಮೇಲಿನಿಂದ ಒಂದು ಸುತ್ತು ಹೊಡೆದು ಹೋಯಿತು. ಅಪ್ಪ ಬಾಯಿ ತೆರೆದು ನೋಡುತ್ತಿದ್ದರು. ಆಮೇಲೆ ರಬ್ಬರಿನ ಬಲ ಮುಗಿದು ನಿಧಾನಕ್ಕೆ ಇಳಿಯಿತು. ನೇರವಾಗಿ, ನಮ್ಮ ಅಂಗಡಿಯ ಕಡೆಗೇ ಬರುತ್ತಿದ್ದ ಶಂಕರಪ್ಪ ಮೇಷ್ಟ್ರ ಎದೆಗೆ.

ಮೇಷ್ಟ್ರು ಎರಡು ಕೈಯಲ್ಲೂ ಹಿಡಿದರು. ಹಗುರವಾಗಿ ಹಿಡಿದರು, ರೆಕ್ಕೆಗೆ ನೋವಾಗದ ಹಾಗೆ. ಪಂಖವನ್ನು ಒಂದು ಸಲ ತಿರುಗಿಸಿ ನೋಡಿದರು. ಮೆಟ್ಟಿಲು ಹತ್ತಿ ಬಂದರು.

‘ಕೊಡಿ ಸರ್’ ಎಂದೆ.

‘ಪ್ಯಾಂಟು?’ ಎಂದರು.

ಅಪ್ಪ ನನ್ನನ್ನು ನೋಡಿದರು. ನಾನು ಅಪ್ಪನನ್ನು ನೋಡಿದೆ.

‘ಕಾಜಾ ಒಂದೇ ಬಾಕಿ ಅಲ್ವಾ?’ ಎಂದರು ಮೇಷ್ಟ್ರು. ‘ಅಷ್ಟೇ ಆದ್ರೆ ಇಲ್ಲೇ ಕೂತಿರ್ತೀನಿ, ಹಾಕಿ ಕೊಡಿ.’

ವಿಮಾನವನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಂಚಿನ ಮೇಲೆ ಕೂತರು. ಅಪ್ಪ ಹಿಂದಿನ ಬಾಗಿಲ ಕಡೆ ಒಂದು ಸಲ ನೋಡಿದರು, ಹೋಗಲಿಲ್ಲ. ಕಪಾಟು ತೆರೆದು, ಅಡಿಯಿಂದ ಒಂದು ಬಟ್ಟೆ ಎಳೆದು, ಕೊಡವಿ, ಮೇಜಿನ ಮೇಲೆ ಹಾಸಿದರು. ಆಮೇಲೆ ಮೇಷ್ಟ್ರಿಗೆ ಬೆನ್ನು ತಿರುಗಿಸಿ, ಆದಷ್ಟು ಸದ್ದಾಗದ ಹಾಗೆ, ಕತ್ತರಿ ಆಡಿಸಲು ಶುರು ಮಾಡಿದರು.